ಬುದ್ಧಿಗೂ ಉಂಟೆ ಅಳತೆಗೋಲು?

ಮಕ್ಕಳೇ, ಮೊದಲು ಒಂದು ಸಣ್ಣ ಪ್ರಶ್ನೆ. ರೇಷ್ಮೆಹುಳು, ಇರುವೆ, ಹಿಪ್ಪುನೇರಳೆ ಸೊಪ್ಪು. ಈ ಮೂರರಲ್ಲಿ ಜೋಡಿಯಾಗುವ ಎರಡು ಯಾವುವು? ಉತ್ತರವನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳಿ. ಆಮೇಲೆ ಇದೇ ಪ್ರಶ್ನೆಯನ್ನು ಮನೆಯಲ್ಲಿರುವ ಅಜ್ಜಿಗೆ ಕೇಳಿ.

ಶಾಲೆಗೆ ಹೋಗುವವರು ಸಾಮಾನ್ಯವಾಗಿ "ಹುಳು, ಇರುವೆ ಜೋಡಿ. ಎರಡೂ ಕೀಟಗಳು" ಎನ್ನುತ್ತಾರೆ. ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಕಡೆ ಹುಳು ಸಾಕಿ ಸಂಸಾರ ಮಾಡಿದ ಅಜ್ಜಿಯಾದರೆ ನಕ್ಕುಬಿಟ್ಟಾರು. "ಹುಳಕ್ಕೂ ಸೊಪ್ಪಿಗೂ ಜೋಡಿ ಕಣಪ್ಪ. ಇರುವೇನ ಹುಳದ ಮನೆಗೆ ಬಿಟ್ಕೊಂಡ್ರೆ ಬೆಳೆ ಕೈಗೆ ಬರ್ತದಾ?" ಎಂದಾರು. ಇರುವೆ ಹತ್ತದಿರಲೆಂದು ತಟ್ಟೆ ಜೋಡಿಸುವ ಸ್ಟ್ಯಾಂಡಿನ ಕಾಲುಗಳನ್ನು ನೀರು ತುಂಬಿದ ಬಟ್ಟಲಿನಲ್ಲಿ ಇಡುವ ಮನೆ ಅದು. ಅಲ್ಲಿ ಇರುವೆಯನ್ನೂ ಹುಳುವನ್ನೂ ಒಟ್ಟಿಗೆ ಸೇರಿಸುವುದು ಬುದ್ಧಿವಂತರ ಮಾತಲ್ಲ.

ಬುದ್ಧಿಶಕ್ತಿ ಪರೀಕ್ಷೆಗಳಲ್ಲಿ ಇಂಥ ಪ್ರಶ್ನೆಗಳು ಇರುತ್ತವೆ. ಅಲ್ಲಿ ಮೊದಲನೆಯ ಉತ್ತರಕ್ಕೆ ಪೂರ್ತಿ ಅಂಕ, ಅಜ್ಜಿಯ ಉತ್ತರಕ್ಕೆ ಕಡಿಮೆ, ಇಲ್ಲವೆ ಸೊನ್ನೆ. ಹಾಗಾದರೆ ಅಜ್ಜಿ ದಡ್ಡಿಯೇ? ಈ ಪರೀಕ್ಷೆಗಳು ಅಳೆಯುವುದಾದರೂ ಏನನ್ನು? ಅಳತೆಯನ್ನು ಎಷ್ಟು ನಂಬಬಹುದು?

ಈ ಪ್ರಶ್ನೆ ಈಗ ಮನೆಮನೆಗೂ ಬಂದಿದೆ. ಮೊಬೈಲ್ ತೆರೆದರೆ "ಹತ್ತು ನಿಮಿಷದಲ್ಲಿ ನಿಮ್ಮ ಐಕ್ಯೂ ತಿಳಿಯಿರಿ" ಎಂಬ ಜಾಹೀರಾತು. ಬೆರಳಚ್ಚು ನೋಡಿ ಮಗುವಿನ ಭವಿಷ್ಯ ಹೇಳುತ್ತೇವೆನ್ನುವ ಶಿಬಿರಗಳು. ಒಂದು ಮನೆಯಲ್ಲಿ ಮೊಮ್ಮಗನ ಐಕ್ಯೂ ನೂರಮೂವತ್ತೆಂದು ಬೀದಿಗೆಲ್ಲ ಸಿಹಿ ಹಂಚಿದರೆ, ಇನ್ನೊಂದು ಮನೆಯಲ್ಲಿ ಎಂಬತ್ತು ಬಂತೆಂದು ಮೊಮ್ಮಗಳ ಓದನ್ನೇ ಕೈಬಿಡುವ ಯೋಚನೆ. ಒಂದು ಸಂಖ್ಯೆಗೆ ಇಷ್ಟು ಬಲ ಬಂದಿರುವಾಗ ಅದು ಎಲ್ಲಿ ಹುಟ್ಟಿತು, ಏಕೆ ಹುಟ್ಟಿತು ಎಂದು ತಿಳಿದಿರುವುದು ಒಳ್ಳೆಯದು.

ಪ್ಯಾರಿಸ್ಸಿನ ಶಾಲೆಗಳಲ್ಲಿ

1904ರಲ್ಲಿ ಫ್ರಾನ್ಸ್ ಸರ್ಕಾರ ಒಂದು ಸಮಿತಿ ನೇಮಿಸಿತು. ಅಲ್ಲಿ ಆಗಲೇ ಎಲ್ಲ ಮಕ್ಕಳಿಗೂ ಶಾಲೆ ಕಡ್ಡಾಯವಾಗಿತ್ತು. ತರಗತಿಯ ಪಾಠದ ಜೊತೆ ಹೆಜ್ಜೆ ಹಾಕಲಾಗದ ಮಕ್ಕಳನ್ನು ಗುರುತಿಸಿ ಅವರಿಗೆ ಬೇರೆ ರೀತಿಯಲ್ಲಿ ಕಲಿಸಬೇಕಿತ್ತು. ಗುರುತಿಸುವುದು ಹೇಗೆ? ಮೇಷ್ಟರ ಮಾತೊಂದನ್ನೇ ನಂಬಿದರೆ ತುಂಟ ಹುಡುಗನೂ ದಡ್ಡರ ಪಟ್ಟಿಗೆ ಸೇರಿಬಿಡಬಹುದು.

ಆ ಸಮಿತಿಯಲ್ಲಿದ್ದವರು ಆಲ್ಫ್ರೆಡ್ ಬಿನೆ. ಅವರು ಥಿಯೋಡರ್ ಸಿಮೋನ್ ಎಂಬ ವೈದ್ಯರ ಜೊತೆ ಸೇರಿ 1905ರಲ್ಲಿ ಒಂದು ಪ್ರಶ್ನಮಾಲೆ ಸಿದ್ಧಪಡಿಸಿದರು. 1908ರಲ್ಲೂ 1911ರಲ್ಲೂ ಅದನ್ನು ತಿದ್ದಿದರು. ಒಂದೊಂದು ವಯಸ್ಸಿಗೂ ಒಂದೊಂದು ಕಟ್ಟು ಪ್ರಶ್ನೆಗಳು. ಹೇಳಿದ ಅಂಕಿಗಳನ್ನು ಹಾಗೇ ತಿರುಗಿ ಹೇಳು, ಚೌಕ ನೋಡಿ ಚೌಕ ಬರೆ, ಇಪ್ಪತ್ತು ಸೂ ನಾಣ್ಯಕ್ಕೆ ಚಿಲ್ಲರೆ ಕೊಡು, ಹೀಗೆ. ಎಂಟು ವರ್ಷದ ಹುಡುಗ ಹತ್ತು ವರ್ಷದವರ ಪ್ರಶ್ನೆಗಳಿಗೂ ಉತ್ತರಿಸಿದರೆ ಅವನ ಮಾನಸಿಕ ವಯಸ್ಸು ಹತ್ತು.

1912ರಲ್ಲಿ ಜರ್ಮನಿಯ ವಿಲಿಯಂ ಸ್ಟರ್ನ್ ಎಂಬ ಮನಶ್ಶಾಸ್ತ್ರಜ್ಞರು ಮಾನಸಿಕ ವಯಸ್ಸನ್ನು ನಿಜವಾದ ವಯಸ್ಸಿನಿಂದ ಭಾಗಿಸುವ ಉಪಾಯ ಹೇಳಿದರು. ಅದನ್ನು ನೂರರಿಂದ ಗುಣಿಸಿದರೆ ಐಕ್ಯೂ. ಭಾಗಾಕಾರದಲ್ಲಿ ಬರುವುದು ಭಾಗಲಬ್ಧ. ಹಾಗೆಯೇ ಇದು ಬುದ್ಧಿಲಬ್ಧ. ನಮ್ಮ ಎಂಟು ವರ್ಷದ ಹುಡುಗನದು ಹತ್ತನ್ನು ಎಂಟರಿಂದ ಭಾಗಿಸಿ, ನೂರರಿಂದ ಗುಣಿಸಿದರೆ 125.

ಬಿನೆ ತಮ್ಮ ಅಳತೆಯನ್ನು ಮಗುವಿನ ಹಣೆಬರಹ ಎಂದುಕೊಂಡಿರಲಿಲ್ಲ. ಬುದ್ಧಿ ಹುಟ್ಟಿನಿಂದ ನಿಗದಿಯಾದದ್ದು, ಅದನ್ನು ಬೆಳೆಸಲಾಗದು ಎನ್ನುವವರನ್ನು ಅವರು ಬಲವಾಗಿ ವಿರೋಧಿಸಿದರು. ಹಿಂದುಳಿದ ಮಕ್ಕಳಿಗಾಗಿ ಮನಸ್ಸಿನ ವ್ಯಾಯಾಮಗಳನ್ನು ರೂಪಿಸಿದರು. ಅದರಲ್ಲಿ ಒಂದು, ಹೇಳಿದ ತಕ್ಷಣ ಅಲುಗಾಡದೆ ಕಲ್ಲಿನ ಬೊಂಬೆಯಂತೆ ನಿಲ್ಲುವುದು. ನೀವು ಬೀದಿಯಲ್ಲಿ ಆಡುವ "ಸ್ಟ್ಯಾಚೂ" ಆಟವೇ! ಗಮನ ನಿಲ್ಲಿಸುವುದನ್ನು ಕಲಿಸಿದರೆ ಕಲಿಕೆಯೂ ಸುಧಾರಿಸುತ್ತದೆ ಎಂಬುದು ಅವರ ನಂಬಿಕೆ. ಯಾರಿಗೆ ನೆರವು ಬೇಕು ಎಂದು ಕಂಡುಹಿಡಿಯಲು ಹುಟ್ಟಿದ ಪರೀಕ್ಷೆ ಇದು. ಈ ಮಾತನ್ನು ನೆನಪಿನಲ್ಲಿಡಿ.

ಧಾರವಾಡದಲ್ಲಿ ಕನ್ನಡ ಕಲಿತ ಪರೀಕ್ಷೆ

ಪ್ಯಾರಿಸ್ಸಿನ ಮಕ್ಕಳ ಪ್ರಶ್ನೆಗಳನ್ನು ನಮ್ಮ ಮಕ್ಕಳಿಗೆ ಹಾಗೇ ಕೇಳಿದರೆ ನಡೆಯುತ್ತದೆಯೇ? ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರಲ್ಲಿ ವಿ. ವಿ. ಕಾಮತ್ ಮುಖ್ಯರು. ಅಂದಿನ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡದಲ್ಲಿ ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳನ್ನು ಕೂರಿಸಿಕೊಂಡು ಅವರು ಬಿನೆಯ ಅಳತೆಯನ್ನು ಪರೀಕ್ಷಿಸಿದರು. ಯಾವ ಪ್ರಶ್ನೆ ಇಲ್ಲಿಗೆ ಹೊಂದುತ್ತದೆ, ಯಾವುದು ಎಷ್ಟು ವಯಸ್ಸಿನ ಮಗುವಿಗೆ ಸರಿ ಎಂದು ಜಾಲಿಸಿ ನೋಡಿದರು. 1934ರಲ್ಲಿ ಅದರ ವರದಿ ಇಂಗ್ಲೆಂಡಿನ ಒಂದು ಶಿಕ್ಷಣ ಮನಶ್ಶಾಸ್ತ್ರ ಪತ್ರಿಕೆಯಲ್ಲಿ ಬಂತು. 1940ರಲ್ಲಿ ಪುಸ್ತಕವಾಯಿತು. ಇಂದಿಗೂ ಅದರ ಹೆಸರು "ಬಿನೆ-ಕಾಮತ್ ಪರೀಕ್ಷೆ". ನಮ್ಮ ದೇಶದ ಎಷ್ಟೋ ಆಸ್ಪತ್ರೆಗಳಲ್ಲಿ ಮಕ್ಕಳ ಬುದ್ಧಿಮಟ್ಟ ನೋಡಲು ಇದನ್ನು ಈಗಲೂ ಬಳಸುತ್ತಾರೆ. ಕನ್ನಡದ ಮಕ್ಕಳ ಉತ್ತರಗಳಿಂದ ರೂಪುಗೊಂಡ ಒಂದು ಅಳತೆ ದೇಶವೆಲ್ಲ ಓಡಾಡಿತು ಎಂಬುದು ನಮಗೆ ಹೆಮ್ಮೆಯೇ.

ಹಳೆಯ ಮೈಸೂರು ಸೀಮೆಯೂ ಹಿಂದೆ ಬಿದ್ದಿರಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲೇ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ಅದನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಓದಿ ಬಂದವರು. ಎಲ್ಲ ಬಗೆಯ ಬುದ್ಧಿಕೆಲಸಗಳ ಹಿಂದೆ ಒಂದೇ ಸಾಮಾನ್ಯ ಶಕ್ತಿ ಇದೆ ಎಂದು ವಾದಿಸಿದವರು ಆ ಸ್ಪಿಯರ್‌ಮನ್. ಮಕ್ಕಳೇ, ಗೋಪಾಲಸ್ವಾಮಿಯವರು ಇನ್ನೊಂದು ಕೆಲಸವನ್ನೂ ಮಾಡಿದರು. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದರು. "ಆಕಾಶವಾಣಿ" ಎಂಬ ಹೆಸರು ಬಂದದ್ದು ಅಲ್ಲಿಂದ.

ಆದರೆ ಅಳತೆಗೋಲಿಗೂ ವಯಸ್ಸಾಗುತ್ತದೆ. ಕಾಮತರು ಪರೀಕ್ಷಿಸಿದ ಮಕ್ಕಳು ಅಣೆ, ಪೈಸೆ, ಸೀಮೆಎಣ್ಣೆ ದೀಪಗಳ ಕಾಲದವರು. ಇಂದು ಮೂರು ವರ್ಷದ ಮಗು ಮೊಬೈಲಿನಲ್ಲಿ ತನಗೆ ಬೇಕಾದ ಹಾಡು ಹುಡುಕಿಕೊಳ್ಳುತ್ತದೆ. ಚಿಲ್ಲರೆ ಎಣಿಸು ಎಂದರೆ ತಬ್ಬಿಬ್ಬಾಗುತ್ತದೆ, ಏಕೆಂದರೆ ಅದರ ಮನೆಯಲ್ಲಿ ತರಕಾರಿಗೂ ಫೋನ್‌ನಲ್ಲೇ ದುಡ್ಡು ಕಳಿಸುತ್ತಾರೆ. ಆದ್ದರಿಂದ ಪರೀಕ್ಷೆಯನ್ನು ಆಗಾಗ ಹೊಸ ಮಕ್ಕಳ ಮೇಲೆ ಒರೆಹಚ್ಚಿ ಸರಿಪಡಿಸುತ್ತಿರಬೇಕು. ಬಿನೆ-ಕಾಮತ್ ಪರೀಕ್ಷೆಯ ಮಾನದಂಡಗಳು ಹಳೆಯವಾದವು ಎಂದು ಮನಶ್ಶಾಸ್ತ್ರಜ್ಞರೇ ಬಹುಕಾಲದಿಂದ ಹೇಳುತ್ತಿದ್ದಾರೆ.

ತಾತಂದಿರೆಲ್ಲ ದಡ್ಡರೇ?

ನ್ಯೂಜಿಲೆಂಡಿನಲ್ಲಿ ಪಾಠ ಹೇಳುತ್ತಿದ್ದ ಜೇಮ್ಸ್ ಫ್ಲಿನ್ ಎಂಬ ವಿದ್ವಾಂಸರು 1984ರಲ್ಲಿ ಒಂದು ವಿಚಿತ್ರವನ್ನು ತೋರಿಸಿದರು. ಅಮೆರಿಕದ ಹಳೆಯ, ಹೊಸ ಪರೀಕ್ಷೆಗಳನ್ನು ಹೋಲಿಸಿದಾಗ ಜನರ ಅಂಕ ಹತ್ತು ವರ್ಷಕ್ಕೆ ಸುಮಾರು ಮೂರರಂತೆ ಏರುತ್ತಾ ಬಂದಿತ್ತು. 1932ರಿಂದ 1978ರವರೆಗೆ ಒಟ್ಟು ಏರಿಕೆ ಸುಮಾರು 14 ಅಂಕ. ಆಮೇಲೆ ಬೇರೆ ಹಲವು ದೇಶಗಳಲ್ಲೂ ಹೀಗೆಯೇ ಕಂಡಿತು. ಸರಾಸರಿಯನ್ನು ಯಾವಾಗಲೂ ನೂರು ಎಂದೇ ಇಡಬೇಕಾದ್ದರಿಂದ ಪರೀಕ್ಷೆಗಳನ್ನು ಆಗಾಗ ಕಠಿಣ ಮಾಡುತ್ತಿರುತ್ತಾರೆ.

ಈ ಲೆಕ್ಕವನ್ನು ಹಿಂದಕ್ಕೆ ಎಳೆದರೆ ತಮಾಷೆಯಾಗುತ್ತದೆ. ಹತ್ತು ವರ್ಷಕ್ಕೆ ಮೂರಾದರೆ ಅರವತ್ತು ವರ್ಷಕ್ಕೆ ಹದಿನೆಂಟು. ಅಂದಿನ ಸಾಧಾರಣ ತಾತನನ್ನು ಇಂದಿನ ಗೋಲಿನಿಂದ ಅಳೆದರೆ 82! ಇನ್ನೂ ಹಿಂದೆ ಹೋದರೆ ಮುತ್ತಾತನ ಪಾಡು ಹೇಳತೀರದು. ಹಾಗಿದ್ದರೆ ಕೆರೆ ಕಟ್ಟಿದವರು, ತೂಬು ಇಟ್ಟವರು, ಮಗ್ಗಕ್ಕೆ ಹಾಸು ಹೂಡಿದವರು ಎಲ್ಲರೂ ಮಂದಬುದ್ಧಿಯವರೇ?

ಫ್ಲಿನ್ ಅದಕ್ಕೆ ಕೊಟ್ಟ ಉತ್ತರ ಚೆನ್ನಾಗಿದೆ. ನಾಯಿಗೂ ಮೊಲಕ್ಕೂ ಏನು ಸಂಬಂಧ ಎಂದು ನೂರು ವರ್ಷದ ಹಿಂದಿನವರನ್ನು ಕೇಳಿದ್ದರೆ "ನಾಯಿಯಿಂದ ಮೊಲ ಬೇಟೆಯಾಡುತ್ತೇವೆ" ಎನ್ನುತ್ತಿದ್ದರು. ಇಂದಿನ ಮಗು "ಎರಡೂ ಸಸ್ತನಿಗಳು" ಎನ್ನುತ್ತದೆ. ಶಾಲೆ ನಮಗೆ ವಸ್ತುಗಳನ್ನು ವರ್ಗಗಳಾಗಿ ನೋಡುವ ಒಂದು ಕನ್ನಡಕ ಹಾಕಿದೆ. ಪರೀಕ್ಷೆ ಅಳೆಯುವುದು ಹೆಚ್ಚಾಗಿ ಆ ಕನ್ನಡಕದ ಅಭ್ಯಾಸವನ್ನು.

ಆಫ್ರಿಕದ ಲೈಬೀರಿಯಾದ ಕ್ಪೆಲ್ಲೆ ಜನರ ಕತೆಯೊಂದಿದೆ. ಸಂಶೋಧಕರು ಅವರ ಮುಂದೆ ತಿನ್ನುವ ಪದಾರ್ಥ, ಆಯುಧ, ಪಾತ್ರೆಗಳನ್ನು ಹರಡಿ, ಸರಿಯಾಗಿ ವಿಂಗಡಿಸಿ ಎಂದರು. ಅವರು ಚಾಕುವಿನ ಜೊತೆ ಹಣ್ಣನ್ನು ಇಟ್ಟರು. ಜಾಣರು ಹೀಗೇ ಮಾಡುವುದು ಎಂದರು. ಎಷ್ಟು ಕೇಳಿದರೂ ಅದೇ. ಕೊನೆಗೆ ಬೇಸತ್ತು "ಪೆದ್ದನಾದರೆ ಹೇಗೆ ಜೋಡಿಸುತ್ತಾನೆ?" ಎಂದು ಕೇಳಿದಾಗ, ತಿನ್ನುವುದನ್ನೆಲ್ಲ ಒಂದು ಕಡೆ, ಆಯುಧಗಳನ್ನೆಲ್ಲ ಒಂದು ಕಡೆ ಚಕಚಕನೆ ಜೋಡಿಸಿಟ್ಟರಂತೆ. ಸಂಶೋಧಕರು ಕಾಯುತ್ತಿದ್ದ ಉತ್ತರ ಅದೇ! ನಮ್ಮ ವಿಜಯಪುರದ ಅಜ್ಜಿ ಅವರ ನಡುವೆ ಕೂತಿದ್ದರೆ ತಲೆಯಾಡಿಸುತ್ತಿದ್ದರು.

1917ರಲ್ಲಿ ಆರಂಭಿಸಿ ಅಮೆರಿಕ ಸುಮಾರು 17 ಲಕ್ಷ ಸೈನಿಕರಿಗೆ ಇಂಥ ಪರೀಕ್ಷೆ ನಡೆಸಿತು. ಅದರ ಒಂದು ಪ್ರಶ್ನೆ, "ಕ್ರಿಸ್ಕೊ ಎಂದರೆ ಔಷಧಿಯೋ, ಹಲ್ಲುಜ್ಜುವ ಪೇಸ್ಟೋ, ತಿನ್ನುವ ಪದಾರ್ಥವೋ?" ಅದು ಅಲ್ಲಿನ ಅಡುಗೆ ಕೊಬ್ಬಿನ ಬ್ರ್ಯಾಂಡು. ಹಡಗಿನಿಂದ ಇಳಿದು ಸ್ವಲ್ಪ ದಿನವಾದ ಇಟಲಿಯವನಿಗೆ ಅದು ಹೇಗೆ ಗೊತ್ತಾಗಬೇಕು? ಅಮೆರಿಕದವರನ್ನು ಹಿಡಿದು "ಮೈಸೂರು ಸ್ಯಾಂಡಲ್ ಎಂದರೆ ಚಪ್ಪಲಿಯೋ, ಸೋಪೋ?" ಎಂದು ಕೇಳಿ, ತಪ್ಪು ಹೇಳಿದವರನ್ನು ದಡ್ಡರೆಂದ ಹಾಗೆ.

ಅಳತೆ ಎಷ್ಟು ನಿಖರ?

ಇಷ್ಟು ಕೇಳಿ ಪರೀಕ್ಷೆಯೇ ಸುಳ್ಳು ಎನ್ನಬೇಡಿ. ಅದೂ ನಿಜವಲ್ಲ.

1932ರ ಜೂನ್ 1ರಂದು ಸ್ಕಾಟ್ಲೆಂಡಿನಲ್ಲಿ 1921ರಲ್ಲಿ ಹುಟ್ಟಿದ, ಶಾಲೆಯಲ್ಲಿದ್ದ ಬಹುಪಾಲು ಎಲ್ಲ ಮಕ್ಕಳಿಗೂ ಒಂದೇ ಪರೀಕ್ಷೆ ಕೊಟ್ಟರು. ಬರೆದವರು 87,498 ಮಂದಿ. ಸರಿಯಾಗಿ 66 ವರ್ಷಗಳ ಮೇಲೆ, 1998ರ ಜೂನ್ 1ರಂದು, ಅವರಲ್ಲಿ ಕೆಲವರನ್ನು ಆಬರ್ಡೀನ್ ನಗರದ ಒಂದು ಸಭಾಂಗಣದಲ್ಲಿ ಕೂರಿಸಿ ಅದೇ ಪರೀಕ್ಷೆಯನ್ನು ಮತ್ತೆ ಬರೆಸಿದರು. ಎಪ್ಪತ್ತೇಳರ ತಾತ ಅಜ್ಜಿಯರು ಹನ್ನೊಂದರ ಮಕ್ಕಳಾಗಿ ಕೂತರು! ಆ ದಿನ ಮತ್ತು ಅದರ ಹಿಂದುಮುಂದು ಸುಮಾರು ನೂರು ಮಂದಿ ಹೀಗೆ ಬರೆದರು. ಬಾಲ್ಯದಲ್ಲಿ ಮುಂದಿದ್ದವರು ಮುಪ್ಪಿನಲ್ಲೂ ಬಹುಮಟ್ಟಿಗೆ ಮುಂದಿದ್ದರು. ಅಂದರೆ ಪರೀಕ್ಷೆ ಏನನ್ನೋ ಸ್ಥಿರವಾದದ್ದನ್ನು ಹಿಡಿಯುತ್ತದೆ. ಆದರೆ ಎಲ್ಲರೂ ಇದ್ದಲ್ಲೇ ಇರಲಿಲ್ಲ. ಮೇಲೆ ಬಂದವರೂ ಇದ್ದರು, ಕೆಳಗೆ ಇಳಿದವರೂ ಇದ್ದರು.

ಶಾಲೆಯ ಅಂಕಕ್ಕೂ ಐಕ್ಯೂಗೂ ಇರುವ ನಂಟು ಸುಮಾರು 0.5 ಎನ್ನುತ್ತಾರೆ. ನಾನು ಬಿ.ಕಾಂ. ಓದುವಾಗ ಕಾರ್ಲ್ ಪಿಯರ್ಸನ್ನರ ಈ ಸಹಸಂಬಂಧದ ಲೆಕ್ಕ ಮಾಡಿ ಮಾಡಿ ಕೈ ನೋಯುತ್ತಿತ್ತು. 0.5ನ್ನು ಅದರಿಂದಲೇ ಗುಣಿಸಿದರೆ 0.25. ಅಂದರೆ ಮಕ್ಕಳ ಅಂಕಗಳಲ್ಲಿರುವ ವ್ಯತ್ಯಾಸದಲ್ಲಿ ಕಾಲುಭಾಗದಷ್ಟು ಐಕ್ಯೂ ಜೊತೆ ಹೊಂದುತ್ತದೆ. ಉಳಿದ ಮುಕ್ಕಾಲು ಭಾಗ? ಶ್ರಮ, ಮೇಷ್ಟರು, ಮನೆ, ಆರೋಗ್ಯ, ಆಸಕ್ತಿ, ಅದೃಷ್ಟ.

ಇನ್ನು ಸಂಖ್ಯೆಯ ನಿಖರತೆ. ಈಗಿನ ಪರೀಕ್ಷೆಗಳಲ್ಲಿ ಸರಾಸರಿ 100. ನೂರರಲ್ಲಿ ಸುಮಾರು 68 ಮಂದಿ 85ರಿಂದ 115ರ ಒಳಗೆ ಬರುತ್ತಾರೆ. 130 ದಾಟುವವರು ನೂರಕ್ಕೆ ಸುಮಾರು ಇಬ್ಬರು. 70ಕ್ಕಿಂತ ಕೆಳಗಿನವರೂ ಅಷ್ಟೇ. ಎಷ್ಟೇ ಒಳ್ಳೆಯ ಪರೀಕ್ಷೆಯಲ್ಲೂ ಐದು ಅಂಕ ಆಚೀಚೆ ಆಗುವುದು ಸಹಜ. 97 ಬಂತು ಎಂದರೆ 92ರಿಂದ 102ರೊಳಗೆ ಎಲ್ಲೋ ಎಂದು ಅರ್ಥ. ಹಾಗಿರುವಾಗ ಅಕ್ಕನಿಗೆ 103, ತಂಗಿಗೆ 98 ಎಂದು ಮನೆಯಲ್ಲಿ ಭೇದ ಮಾಡಿದರೆ ಅದು ಲೆಕ್ಕ ಗೊತ್ತಿಲ್ಲದವರ ಕೆಲಸ.

ಈ ಐದು ಅಂಕದ ಮೇಲೆ ಒಂದು ಜೀವವೇ ನಿಂತಿದ್ದೂ ಉಂಟು. ಅಮೆರಿಕದಲ್ಲಿ ಬೌದ್ಧಿಕ ಅಂಗವೈಕಲ್ಯ ಇರುವವರಿಗೆ ಮರಣದಂಡನೆ ಕೊಡಬಾರದೆಂದು 2002ರಲ್ಲಿ ತೀರ್ಪಾಯಿತು. ಫ್ಲಾರಿಡಾ ರಾಜ್ಯ 70ರ ಗೆರೆ ಎಳೆದು, 71 ಬಂದ ಒಬ್ಬ ಕೈದಿಗೆ ಆ ರಕ್ಷಣೆ ಇಲ್ಲವೆಂದಿತು. 2014ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಐಕ್ಯೂ ಒಂದು ಬಿಂದುವಲ್ಲ, ಒಂದು ವ್ಯಾಪ್ತಿ. ಒಂದಂಕದ ಗೆರೆಯ ಮೇಲೆ ಸಾವು ಬದುಕು ತೀರ್ಮಾನಿಸಲಾಗದು ಎಂಬುದು ಆ ತೀರ್ಪಿನ ತಿರುಳು.

ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಪಾಸ್‌ಬುಕ್ಕಿನಲ್ಲಿ ಕಾಣುವ ಬಾಕಿ ಆ ದಿನದ್ದು ಮಾತ್ರ. ಅದು ಸುಳ್ಳಲ್ಲ. ಆದರೆ ಅವರ ಹೊಲ, ಮನೆ, ಕೊಟ್ಟಿಗೆಯ ಹಸು ಯಾವುದೂ ಅದರಲ್ಲಿ ಬರೆದಿರುವುದಿಲ್ಲ.

ಗೋಲಿಗೆ ಸಿಗದ್ದು

ಬೆಂಗಳೂರಿನಲ್ಲಿ 1929ರಲ್ಲಿ ಹುಟ್ಟಿದ ಶಕುಂತಲಾ ದೇವಿಯವರ ಹೆಸರು ತಾತ ಅಜ್ಜಿಯರಿಗೆಲ್ಲ ಗೊತ್ತು. ತಂದೆ ಸರ್ಕಸ್ಸಿನಲ್ಲಿದ್ದವರು. ಆಕೆಗೆ ಸರಿಯಾದ ಶಾಲಾ ಓದು ಸಿಗಲಿಲ್ಲ. ಆದರೂ 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ, ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು ಮನಸ್ಸಿನಲ್ಲೇ ಗುಣಿಸಿ 28 ಸೆಕೆಂಡಿನಲ್ಲಿ ಉತ್ತರ ಹೇಳಿದರು.

1988ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಆರ್ಥರ್ ಜೆನ್ಸನ್ ಎಂಬ ಮನಶ್ಶಾಸ್ತ್ರಜ್ಞರು ಅವರನ್ನು ಪರೀಕ್ಷಿಸಿದರು. 6,16,29,875ರ ಘನಮೂಲ ಎಷ್ಟು, 17,08,59,375ರ ಏಳನೆಯ ಮೂಲ ಎಷ್ಟು ಎಂದು ಕೇಳಿದರೆ, ಜೆನ್ಸನ್ ಲೆಕ್ಕವನ್ನು ಪುಸ್ತಕದಲ್ಲಿ ಬರೆದುಕೊಳ್ಳುವ ಮೊದಲೇ 395, 15 ಎಂಬ ಉತ್ತರ ಬಂದಿತ್ತು. ಮಕ್ಕಳೇ, ನೀವೂ ಕಾಗದದ ಮೇಲೆ ಗುಣಿಸಿ ನೋಡಿ. ಸ್ವಾರಸ್ಯ ಮುಂದಿದೆ. ದೀಪ ಹೊತ್ತಿದೊಡನೆ ಗುಂಡಿ ಒತ್ತುವಂಥ, ಮಿದುಳಿನ ವೇಗ ಅಳೆಯುವ ಸಣ್ಣ ಪರೀಕ್ಷೆಗಳನ್ನು ಕೊಟ್ಟಾಗ ಆಕೆಯ ವೇಗದಲ್ಲಿ ವಿಶೇಷವೇನೂ ಕಾಣಲಿಲ್ಲ. ಸಂಖ್ಯೆಗಳನ್ನೇ ಆಟಿಕೆ ಮಾಡಿಕೊಂಡು ಬಾಲ್ಯದಿಂದ ಬೆಳೆದ ಆ ಬೆರಗು ಆ ಗೋಲಿಗೆ ಸಿಗಲಿಲ್ಲ.

ಅಮೆರಿಕದ ಲೂಯಿಸ್ ಟರ್ಮನ್ 1921ರಲ್ಲಿ ಕ್ಯಾಲಿಫೋರ್ನಿಯಾದ ಅತಿ ಬುದ್ಧಿವಂತ ಮಕ್ಕಳನ್ನು ಐಕ್ಯೂ ನೋಡಿ ಆರಿಸಿ ಜೀವನಪೂರ್ತಿ ಹಿಂಬಾಲಿಸುವ ಅಧ್ಯಯನ ಆರಂಭಿಸಿದರು. ಆರಿಸಿದ ಸುಮಾರು ಒಂದೂವರೆ ಸಾವಿರ ಮಕ್ಕಳಲ್ಲಿ ಒಬ್ಬರಿಗೂ ನೊಬೆಲ್ ಬರಲಿಲ್ಲ. ಅಂಕ ಸಾಲದೆಂದು ಬಿಟ್ಟವರಲ್ಲಿ ಇಬ್ಬರಿಗೆ ಬಂತು, ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವರೆಜ್.

ಇನ್ನು ನಮ್ಮ ಸಂತೆಯ ಮಕ್ಕಳು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ದುಫ್ಲೊ ಮತ್ತು ಸಂಗಡಿಗರು ಕೋಲ್ಕತ್ತ, ದೆಹಲಿಗಳಲ್ಲಿ ನಡೆಸಿದ ಅಧ್ಯಯನ 2025ರಲ್ಲಿ "ನೇಚರ್" ಪತ್ರಿಕೆಯಲ್ಲಿ ಬಂತು. ಮಾರುಕಟ್ಟೆಯಲ್ಲಿ ವ್ಯಾಪಾರಕ್ಕೆ ಕೂರುವ ಮಕ್ಕಳು ಬಾಯಿಲೆಕ್ಕದಲ್ಲೇ ಬೆಲೆ, ಚಿಲ್ಲರೆ ಸರಿಯಾಗಿ ಹೇಳುತ್ತಿದ್ದರು. ಶಾಲೆಯ ರೀತಿಯಲ್ಲಿ ಬರೆದುಕೊಟ್ಟ ಸುಲಭ ಲೆಕ್ಕದಲ್ಲಿ ಸೋಲುತ್ತಿದ್ದರು. ಶಾಲೆಯಲ್ಲಿ ಮಾತ್ರ ಕಲಿತವರು ಮಾರುಕಟ್ಟೆಯ ಲೆಕ್ಕದಲ್ಲಿ ಸೋಲುತ್ತಿದ್ದರು. ನನಗಿದು ಆಶ್ಚರ್ಯವಲ್ಲ. ಕೌಂಟರಿನಲ್ಲಿ ಕೂತಿದ್ದ ಕಾಲದಲ್ಲಿ, ಹೆಬ್ಬೆಟ್ಟು ಒತ್ತುವ ಸೊಪ್ಪಿನ ವ್ಯಾಪಾರದ ಹೆಂಗಸರು ಮೂರು ತಿಂಗಳ ಬಡ್ಡಿಯನ್ನು ನಾನು ಲೆಡ್ಜರ್ ತಿರುವುವ ಮೊದಲೇ ಹೇಳಿಬಿಡುತ್ತಿದ್ದರು.

ಹೊಟ್ಟೆ, ಚಿಂತೆ, ಉಪ್ಪು

ಪರೀಕ್ಷೆಯ ದಿನ ಮನಸ್ಸು ಹೇಗಿತ್ತು ಎಂಬುದೂ ಅಂಕಕ್ಕೆ ತಗುಲುತ್ತದೆ. ಪಕ್ಕದ ತಮಿಳುನಾಡಿನಲ್ಲಿ 464 ಕಬ್ಬು ಬೆಳೆಗಾರರನ್ನು ಕಟಾವಿನ ಮುಂಚೆ ಒಮ್ಮೆ, ದುಡ್ಡು ಕೈಗೆ ಬಂದ ಮೇಲೆ ಒಮ್ಮೆ ಬುದ್ಧಿಪರೀಕ್ಷೆಗೆ ಕೂರಿಸಿದರು. 2013ರಲ್ಲಿ "ಸೈನ್ಸ್" ಪತ್ರಿಕೆಯಲ್ಲಿ ಪ್ರಕಟವಾದ ಈ ಅಧ್ಯಯನದಂತೆ, ಅದೇ ರೈತ ಕಟಾವಿನ ಮುಂಚೆ ಕಡಿಮೆ ಅಂಕ ತೆಗೆದ. ಸಾಲದ ಚಿಂತೆ ತಲೆಯ ಜಾಗವನ್ನೆಲ್ಲ ಹಿಡಿದುಕೊಂಡಿದ್ದರೆ ಚಿತ್ರದ ಒಗಟು ಬಿಡಿಸಲು ಜಾಗ ಎಲ್ಲಿ?

ಗರ್ಭಿಣಿಗೆ ಅಯೋಡಿನ್ ತೀರ ಕಡಿಮೆಯಾದರೆ ಮಗುವಿನ ಮಿದುಳಿನ ಬೆಳವಣಿಗೆಗೇ ಪೆಟ್ಟು ಬೀಳುತ್ತದೆ. ಅದನ್ನು ತಡೆಯುವುದು ಅಂಗಡಿಯಲ್ಲಿ ಸಿಗುವ ಅಯೋಡಿನ್ ಬೆರೆಸಿದ ಉಪ್ಪು. ಸೀಸದ ಅಂಶ ದೇಹಕ್ಕೆ ಸೇರಿದರೂ ಮಕ್ಕಳ ಬುದ್ಧಿಗೆ ತೊಂದರೆ. ಅದಕ್ಕೇ ನಮ್ಮ ದೇಶದಲ್ಲಿ 2000ದ ಹೊತ್ತಿಗೆ ಪೆಟ್ರೋಲಿನಿಂದ ಸೀಸವನ್ನು ತೆಗೆದರು. ಬುದ್ಧಿ ಎಂಬುದು ಹುಟ್ಟಿನಿಂದ ಬಂದ ಗಂಟು ಮಾತ್ರವಲ್ಲ. ಊಟ, ನಿದ್ದೆ, ನೆಮ್ಮದಿಗಳಿಗೂ ಅದರಲ್ಲಿ ಪಾಲಿದೆ.

ಬೆರಳಚ್ಚಿನಲ್ಲಿ ಬುದ್ಧಿ ಇಲ್ಲ

ಹತ್ತು ಬೆರಳಿನ ಅಚ್ಚು ತೆಗೆದು "ನಿಮ್ಮ ಮಗು ಎಂಜಿನಿಯರ್ ಆಗುತ್ತೆ" ಎಂದು ವರದಿ ಕೊಡುವ ಡಿಎಂಐಟಿ ಎಂಬ ವ್ಯಾಪಾರ ಕೆಲವು ವರ್ಷಗಳಿಂದ ನಡೆಯುತ್ತಿದೆ. ಇದಕ್ಕೆ ವೈಜ್ಞಾನಿಕ ಆಧಾರವಿಲ್ಲ ಎಂದು ಭಾರತೀಯ ಮನೋವೈದ್ಯರ ಸಂಘವೇ ಹೇಳಿಕೆ ಹೊರಡಿಸಿದೆ. ಬ್ಯಾಂಕಿನಲ್ಲಿ ಸಾವಿರಾರು ಹೆಬ್ಬೆಟ್ಟು ನೋಡಿದವನು ನಾನು. ಹೆಬ್ಬೆಟ್ಟು ಹೇಳುವುದು ಇವರು ಯಾರು ಎಂಬುದನ್ನು. ಇವರ ಬುದ್ಧಿ ಎಷ್ಟು ಎಂಬುದನ್ನಲ್ಲ. ಹಾಗೆಯೇ ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುವ "ಮಿಡ್‌ಬ್ರೈನ್" ತರಬೇತಿ. ಮಕ್ಕಳು ಮೂಗಿನ ಪಕ್ಕದ ಸಂದಿನಿಂದ ನೋಡುವುದನ್ನು ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಬಯಲಿಗೆಳೆದಿದ್ದಾರೆ. ಇವಕ್ಕೆ ಕಟ್ಟುವ ಸಾವಿರಾರು ರೂಪಾಯಿಗೆ ಮನೆ ತುಂಬ ಪುಸ್ತಕ ಬರುತ್ತದೆ.

ಹಾಗಾದರೆ ಪರೀಕ್ಷೆ ಬೇಡವೇ?

ಬೇಕು. ಬಿನೆ ಯಾವುದಕ್ಕಾಗಿ ಮಾಡಿದರೋ ಅದಕ್ಕೆ ಬೇಕು.

ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿಯ ದನಗಳ ಜಾತ್ರೆಯಲ್ಲಿ ಹೋರಿಯ ಬಾಯಿ ಬಿಡಿಸಿ ಎರಡು ಹಲ್ಲು, ನಾಲ್ಕು ಹಲ್ಲು ಎಂದು ವಯಸ್ಸು ಹೇಳುತ್ತಾರೆ. ಅದು ಸುಳ್ಳಾಗುವುದು ಕಡಿಮೆ. ಆದರೆ ನೇಗಿಲಿಗೆ ಹೇಗೆ ಎಂದು ಹಲ್ಲು ಹೇಳುವುದಿಲ್ಲ. ಕಟ್ಟಿ ನೋಡಬೇಕು. ಐಕ್ಯೂ ಕೂಡ ಹಾಗೆ. ಕೇಳಿದ ಒಂದು ಪ್ರಶ್ನೆಗೆ ಉತ್ತರ ಕೊಡುತ್ತದೆ. ಕೇಳಬೇಕಾದ ಆ ಪ್ರಶ್ನೆ, "ಈ ಮಗುವಿಗೆ ಎಲ್ಲಿ ಕೈ ಹಿಡಿಯಬೇಕು?"

ಮಾತು ತಡವಾಗಿ ಬಂದ ಮಗು, ವಯಸ್ಸಿಗೆ ತಕ್ಕ ಕೆಲಸ ಕಲಿಯದ ಮಗು ಮನೆಯಲ್ಲಿದ್ದರೆ "ನಮ್ಮ ವಂಶದಲ್ಲಿ ಎಲ್ಲರೂ ನಿಧಾನ, ದೊಡ್ಡವನಾದರೆ ಸರಿಹೋಗ್ತಾನೆ" ಎಂದು ಹಿರಿಯರೇ ತಡೆಯುವುದುಂಟು. ನಾಚಿಕೆಯಿಂದ ಮುಚ್ಚಿಡುವುದೂ ಉಂಟು. ಇದರಿಂದ ಕಳೆದುಹೋಗುವುದು ಮಗುವಿನ ಅಮೂಲ್ಯ ವರ್ಷಗಳು. ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡಕ್ಕೆ ತೋರಿಸಿ. ಮೊದಲು ಕಿವಿ, ಕಣ್ಣು ಪರೀಕ್ಷೆಯಾಗಲಿ. ಕಿವಿ ಕೇಳಿಸದ ಎಷ್ಟೋ ಮಕ್ಕಳು ದಡ್ಡರೆನಿಸಿಕೊಂಡಿದ್ದಾರೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಈ ಕೆಲಸದಲ್ಲಿದೆ. ಮಕ್ಕಳ ಮನಸ್ಸಿನ ವಿಚಾರಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಇದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಬೌದ್ಧಿಕ ಅಂಗವೈಕಲ್ಯವೂ ಇದೆ, ಬುದ್ಧಿ ಚೆನ್ನಾಗಿದ್ದೂ ಓದು ಬರಹದಲ್ಲಿ ಮಾತ್ರ ತೊಡಕಾಗುವ ಕಲಿಕಾ ನ್ಯೂನತೆಯೂ ಇದೆ. ಇವನ್ನು ಬೇರೆ ಬೇರೆಯಾಗಿ ಗುರುತಿಸಲು ಪರೀಕ್ಷೆ ಬೇಕೇ ಬೇಕು. ಸರ್ಕಾರಿ ವೈದ್ಯಕೀಯ ಮಂಡಳಿ ಕೊಡುವ ಪ್ರಮಾಣಪತ್ರದಿಂದ ಮಾಸಾಶನ, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು, ಇಂಥ ಸೌಲಭ್ಯಗಳು ಸಿಗುತ್ತವೆ. ಅಲ್ಲಿಯೂ ಐಕ್ಯೂ ಒಂದನ್ನೇ ನೋಡುವುದಿಲ್ಲ. ಮಗು ತಾನೇ ಊಟ ಮಾಡುತ್ತದೆಯೇ, ಬಟ್ಟೆ ಹಾಕಿಕೊಳ್ಳುತ್ತದೆಯೇ, ಜನರೊಡನೆ ಹೇಗೆ ಬೆರೆಯುತ್ತದೆ ಎಂದೂ ವಿಚಾರಿಸುತ್ತಾರೆ. ಇದಕ್ಕೆ ಉತ್ತರ ಹೇಳಲು ತಾಯಿತಂದೆಯರಷ್ಟೇ ಅಜ್ಜಿಯೂ ಬೇಕಾಗುತ್ತದೆ.

ಯಾರಾದರೂ ಮೊಮ್ಮಗುವಿನ ಐಕ್ಯೂ ಎಂದು ಒಂದು ಸಂಖ್ಯೆ ಕೈಗಿಟ್ಟರೆ ಹಿರಿಯರು ಐದು ಮಾತು ಕೇಳಿ. ಪರೀಕ್ಷೆಯ ಹೆಸರೇನು? ಮಗುವಿನ ಮನೆಮಾತಿನಲ್ಲಿ ನಡೆಯಿತೇ? ಮಾನದಂಡ ಎಷ್ಟು ಹಳೆಯದು? ತರಬೇತಾದ ಮನಶ್ಶಾಸ್ತ್ರಜ್ಞರು ಮಗುವನ್ನು ಎದುರಿಗೆ ಕೂರಿಸಿಕೊಂಡು ಮಾಡಿದರೇ? ಮುಂದೆ ನಾವು ಏನು ಮಾಡಬೇಕು? ಕೊನೆಯ ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ ಆ ಕಾಗದವನ್ನು ಮಡಿಸಿ ಇಟ್ಟುಬಿಡಿ.

ಮಕ್ಕಳೇ, ಈ ಭಾನುವಾರ ನಿಮಗೊಂದು ಕೆಲಸ. ನೀವು ಐದು ಪ್ರಶ್ನೆ ಬರೆಯಿರಿ, ತಾತ ಅಜ್ಜಿ ಐದು ಪ್ರಶ್ನೆ ಹೇಳಲಿ. ನಿಮ್ಮದು ಪಾಸ್‌ವರ್ಡ್ ಬದಲಿಸುವುದು ಹೇಗೆ ಎಂದಿರಬಹುದು. ಅವರದು ದೇವನಹಳ್ಳಿ ಚಕ್ಕೋತ ಹಣ್ಣಾಗಿದೆಯೆಂದು ಕೊಯ್ಯದೆ ತಿಳಿಯುವುದು ಹೇಗೆ, ಸೇರು ರಾಗಿಗೆ ಎಷ್ಟು ಮುದ್ದೆ ಆಗುತ್ತದೆ ಎಂದಿರಬಹುದು. ಅದಲು ಬದಲು ಮಾಡಿ ಉತ್ತರಿಸಿ, ಅಂಕ ಹಾಕಿ. ಯಾರು ಗೆದ್ದರೆಂದು ತೀರ್ಮಾನಿಸುವ ಮೊದಲು, ಸೋತವರಿಗೆ ಆ ಉತ್ತರಗಳನ್ನು ಕಲಿಸಿಬಿಡಿ.